ನನ್ನ ವಾರಗಿತ್ತಿ ಫಾರ್ವರ್ಡ್ ಮಾಡಿದ ಕಥೆ

ನನ್ನ ವಾರಗಿತ್ತಿಯ ಮೇಲೆ ನನಗೆ ಹತ್ತು ವರ್ಷದಿಂದ ಸಿಟ್ಟಿದೆ. ಅದು ಆರಿದೆ ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ಅವರ ತಪ್ಪು. ಹಬ್ಬಕ್ಕೆ ಅವಳ ಮನೆಗೆ ಹೋಗುತ್ತೇನೆ, ಅವಳು ಬಡಿಸಿದ್ದನ್ನು ಉಣ್ಣುತ್ತೇನೆ, ಬಾಯಿ ತುಂಬ ‘ಅಕ್ಕ’ ಎನ್ನುತ್ತೇನೆ. ಒಳಗೆ ಮಾತ್ರ ಇವಳ ಹೊಟ್ಟೆ ಉರಿಸುವ ದಿನ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ.

ನಡೆದದ್ದು ಇಷ್ಟು. ಆಗ ನಾವೆಲ್ಲ ವಕ್ಕಲೇರಿ ಹತ್ತಿರ ಒಂದೇ ಮನೆಯಲ್ಲಿದ್ದೆವು. ಅತ್ತೆ, ಭಾವ, ಭಾವನ ಹೆಂಡತಿಯಾದ ಈ ಅಕ್ಕ, ನಾನು, ನನ್ನ ಗಂಡ, ಎರಡು ವರ್ಷದ ನನ್ನ ಮಗಳು. ನನಗೆ ಕೆಮ್ಮು ಹಿಡಿದದ್ದು ಬಿಡಲೇ ಇಲ್ಲ. ಆಸ್ಪತ್ರೆಯಲ್ಲಿ ಟಿಬಿ ಎಂದರು. ಆರು ತಿಂಗಳು ಮಾತ್ರೆ ತಪ್ಪಿಸದೆ ನುಂಗಿದರೆ ವಾಸಿಯಾಗುತ್ತದೆ, ಮೊದಲ ಕೆಲವು ವಾರ ಹುಷಾರಾಗಿರಿ, ಆಮೇಲೆ ನಾವು ನೋಡಿ ಹೇಳಿದ ಮೇಲೆ ಮಗುವನ್ನು ಎತ್ತಿಕೊಳ್ಳಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಮಗುವಿಗೂ ಮುಂಜಾಗ್ರತೆಗೆಂದು ಮಾತ್ರೆ ಕೊಟ್ಟರು. ಗಂಡನಿಗಿಂತ ಮೊದಲು ನಾನು ಹೇಳಿದ್ದು ಅಕ್ಕನಿಗೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಅತ್ತುಬಿಟ್ಟೆ. ಅವಳು ಒದ್ದೆ ಕೈಯಲ್ಲೇ ನನ್ನ ಬೆನ್ನು ಸವರಿ, "ಯಾರಿಗೂ ಹೇಳಲ್ಲ ಕಣೇ, ನಾನಿಲ್ವಾ" ಅಂದಳು.

ಸಂಜೆಯೊಳಗೆ ಇಡೀ ಮನೆಗೆ ಗೊತ್ತಾಗಿತ್ತು. ಅವಳ ಮೊಬೈಲಿಗೆ ಯಾವುದೋ ವಿಡಿಯೊ ಬಂದಿತ್ತಂತೆ. ಬಿಳಿ ಕೋಟು ಹಾಕಿಕೊಂಡ ಯಾವನೋ ಒಬ್ಬ, ಟಿಬಿ ಇರುವವರ ತಟ್ಟೆ ಲೋಟ ಮುಟ್ಟಿದರೂ ರೋಗ ಅಂಟುತ್ತದೆ, ಮಕ್ಕಳನ್ನು ಹತ್ತಿರ ಸೇರಿಸಲೇಬೇಡಿ ಎಂದು ಬಡಬಡಿಸಿದ್ದ. ಅದನ್ನು ಅತ್ತೆಗೆ ತೋರಿಸಿದಳು, ಭಾವನಿಗೆ ತೋರಿಸಿದಳು, ನನ್ನ ಗಂಡನಿಗೂ ತೋರಿಸಿದಳು. ಡಾಕ್ಟರು ಹೇಳಿದ್ದು ಯಾರಿಗೂ ಬೇಡವಾಯಿತು. ಮರುದಿನ ಕೋಲಾರದ ಪಾತ್ರೆ ಅಂಗಡಿಯಿಂದ ನನ್ನ ಹೆಸರು ಕೆತ್ತಿಸಿದ ಒಂದು ತಟ್ಟೆ, ಒಂದು ಲೋಟ ಬಂತು. ಮದುವೆಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುತ್ತಾರಲ್ಲ, ಹಾಗೆ, ಗುಂಡಗಿನ ಅಕ್ಷರದಲ್ಲಿ. ಬೇರೆ ಯಾರೂ ತಪ್ಪಿಯೂ ಅದರಲ್ಲಿ ಕುಡಿಯಬಾರದಲ್ಲ, ಅದಕ್ಕೆ. ವಾರ ತುಂಬುವುದರೊಳಗೆ ಆ ತಟ್ಟೆ ಲೋಟದ ಸಮೇತ ನನ್ನನ್ನು ಮಾಸ್ತಿ ಕಡೆಯ ತವರಿಗೆ ಸಾಗಹಾಕಿದರು. ಮಗಳನ್ನು ಕಳಿಸಲಿಲ್ಲ.

ಕೆಲವು ವಾರ ಕಳೆದ ಮೇಲೆ, ಇನ್ನು ಭಯವಿಲ್ಲ, ಮಗು ಜೊತೆಗಿರಬಹುದು ಎಂದು ಡಾಕ್ಟರೇ ಹೇಳಿದರು. ಫೋನು ಮಾಡಿ ಕೇಳಿದೆ. ಗೋಗರೆದೆ. "ಆ ಡಾಕ್ಟ್ರಿಗೇನ್ ಗೊತ್ತು? ಮಗು ಇಲ್ಲಿ ಚೆನ್ನಾಗೈತೆ, ನೀನು ಆರಾಮಾಗಿರು" ಎಂದು ಅಕ್ಕ ಫೋನು ಇಟ್ಟಳು. ನನ್ನ ಗಂಡನೋ, ಅಣ್ಣನ ಎದುರು ತುಟಿ ಬಿಚ್ಚುವ ಆಸಾಮಿಯಲ್ಲ. ಆರು ತಿಂಗಳಾದ ಮೇಲೆ, ವಾಸಿಯಾಗಿದೆ ಎಂಬ ಚೀಟಿ ಹಿಡಿದು ಬಂದರೆ ಮಗಳು ಅಕ್ಕನ ಸೆರಗಿನ ಹಿಂದೆ ಅವಿತುಕೊಂಡು, "ಇವ್ರು ಯಾರು?" ಅಂದಳು.

ಅದೂ ಸಾಲದೇನೋ ಎಂಬಂತೆ ಅಕ್ಕ ಮಗಳ ತಲೆಗೆ ಒಂದು ಸುಳ್ಳು ತುಂಬಿದ್ದಳು. "ನಿಮ್ಮಮ್ಮ ನಿನ್ನ ಬಿಟ್ಟು ಕೆಲಸದ ಟ್ರೈನಿಂಗ್‌ಗೆ ಹೊರಟೋದ್ಲು, ಸಾಕಿದ್ದು ನಾನು." ಮನೆತನಕ್ಕೆ ಟಿಬಿ ಹೆಸರು ಅಂಟಬಾರದು ಎಂದು ಗಂಡನೂ ಅದನ್ನೇ ಹಿಡಿದ. ನಾನೂ ಬಾಯಿ ಮುಚ್ಚಿಕೊಂಡೆ. ಆಮೇಲೆ ನಾವು ಕೋಲಾರಕ್ಕೆ ಬಂದು ಬೇರೆ ಮನೆ ಮಾಡಿದೆವು. ಈಗ ಮಗಳಿಗೆ ಹನ್ನೆರಡು. ಹೋಮ್‌ವರ್ಕ್ ಮಾಡೇ ಅಂದರೆ ಸಾಕು, "ನೀನೇನ್ ಹೇಳ್ತೀಯ, ಬಿಟ್ಟು ಹೋಗಿದ್ದೋಳು" ಎಂದು ಮುಖಕ್ಕೆ ಹೊಡೆದ ಹಾಗೆ ಅನ್ನುತ್ತಾಳೆ. ಹಾಗೆ ಅಂದಾಗಲೆಲ್ಲ ನಾನು ಮನಸ್ಸಿನಲ್ಲಿ ಶಾಪ ಹಾಕುತ್ತಿದ್ದದ್ದು ಅಕ್ಕನಿಗೆ. ಮಗಳಿಗೆ ನಿಜ ಗೊತ್ತಾಗಬೇಕು, ಅಕ್ಕ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಹೋದ ವರ್ಷ ನನಗೊಂದು ಕೆಲಸ ಸಿಕ್ಕಿತು. ಬೆಂಗಳೂರಿನಿಂದ ಬಂದವರು ನಮ್ಮ ಜಿಲ್ಲೆಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಕಾಯಿಲೆ ಬಂದರೆ ಹೆಂಗಸರು ಮನೆಯಲ್ಲಿ ಯಾರಿಗೆ ಹೇಳುತ್ತಾರೆ, ಯಾರಿಂದ ಮುಚ್ಚಿಡುತ್ತಾರೆ, ಮೊಬೈಲಿನಲ್ಲಿ ಬರುವ ವಿಡಿಯೊಗಳು ಅದನ್ನೆಲ್ಲ ಹೇಗೆ ಬದಲಾಯಿಸುತ್ತವೆ ಎಂಬುದು ಅವರ ವಿಷಯ. ಕನ್ನಡ ತೆಲುಗು ಎರಡೂ ಬರುತ್ತವೆಂದು ಮನೆ ಮನೆ ಸುತ್ತಲು ನನ್ನನ್ನು ಇಟ್ಟುಕೊಂಡರು. ಮೊದಲು ಮೊಬೈಲಿನಲ್ಲಿ ಒಂದು ಸಣ್ಣ ಕಥೆ ಕೇಳಿಸಬೇಕು, ಆಮೇಲೆ ಪ್ರಶ್ನೆ ಕೇಳಬೇಕು. ಅವರು ತಂದಿದ್ದ ಕಥೆಯಲ್ಲಿ ಒಬ್ಬ ಹುಡುಗಿ ಕಾಫಿ ಕುಡಿಯುತ್ತಾ ಗೆಳೆಯನಿಗೆ ತನ್ನ ಕಾಯಿಲೆಯ ವಿಷಯ ಹೇಳುತ್ತಾಳೆ.

"ಮೇಡಂ, ನಂಗಲಿಯಂಥ ಊರಲ್ಲಿ ಇದನ್ನ ಕೇಳಿಸಿದ್ರೆ ಕಾಯಿಲೆ ಬಿಟ್ಟು ಆ ಹುಡುಗ ಯಾರು ಅಂತ ಕೇಳ್ತಾರೆ" ಅಂದೆ.

ಸಂಶೋಧನೆಯ ಉಸ್ತುವಾರಿ ನೋಡುತ್ತಿದ್ದ ಮೇಡಂ ನಕ್ಕು, "ಹಾಗಾದ್ರೆ ನೀವೇ ಒಂದು ಬರೀರಿ" ಅಂದರು.

ಬರೆದೆ! ಕೂತಲ್ಲೇ ಬರೆದು ಮುಗಿಸಿದೆ. ಹೆಸರಿಲ್ಲ, ಊರಿಲ್ಲ, ಮಿಕ್ಕಿದ್ದೆಲ್ಲ ಇತ್ತು. ಬೆನ್ನು ಸವರಿದ್ದು, ವಿಡಿಯೊ, ಹೆಸರು ಕೆತ್ತಿಸಿದ ಲೋಟ, ಮಗುವನ್ನು ಇಟ್ಟುಕೊಂಡದ್ದು, ಟ್ರೈನಿಂಗಿನ ಸುಳ್ಳು. ಆಫೀಸಿನ ಇನ್ನೊಬ್ಬ ಹುಡುಗಿ ಅದನ್ನು ತನ್ನ ದನಿಯಲ್ಲಿ ಓದಿ ರೆಕಾರ್ಡ್ ಮಾಡಿದಳು. "ಎಷ್ಟು ಚೆನ್ನಾಗಿ ಕಲ್ಪಿಸಿದೀರ" ಎಂದು ಮೇಡಂ ಹೊಗಳಿದರು. ನಾನು ಹೂಂ ಎಂದು ತಲೆಯಾಡಿಸಿದೆ.

ಆಮೇಲಿನ ನಾಲ್ಕು ತಿಂಗಳು ನನಗೆ ಹಬ್ಬ. ಕಥೆ ಮುಗಿದ ಮೇಲೆ "ವಾರಗಿತ್ತಿ ಮಾಡಿದ್ದು ಸರಿಯೇ?" ಎಂಬ ಪ್ರಶ್ನೆ ಇತ್ತು. ನಂಗಲಿಯಲ್ಲಿ ಲಾರಿಯವರಿಗೆ ತಿಂಡಿ ಮಾಡಿ ಹಾಕುವ ಹೆಂಗಸು ಸೌಟು ಎತ್ತಿ, "ಅವಳ ಬಾಯಿಗ್ ಮಣ್ಣ್ ಹಾಕ!" ಅಂದಳು. ಮುಳಬಾಗಿಲಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಸಾಬರ ಮನೆಯ ಅಜ್ಜಿಯೊಬ್ಬರು ಮಿಷನ್ ನಿಲ್ಲಿಸಿ, "ಯಾ ಅಲ್ಲಾ! ತಾಯಿ ಹತ್ರದಿಂದ ಮಗೂನ ಕಿತ್ಕೊಂಡ್ಳಾ? ಅವಳಿಗೆ ನೆಮ್ಮದಿ ಸಿಗಲ್ಲ, ಬರ್ಕೋಮ್ಮಾ" ಎಂದರು. ಬರೆದುಕೊಂಡೆ. ಒಂದು ಅಕ್ಷರ ಬಿಡದೆ ಬರೆದುಕೊಂಡೆ. ಸರಿ, ತಪ್ಪು, ಗೊತ್ತಿಲ್ಲ ಎಂಬುದರ ಎದುರು ಗುರುತು ಹಾಕಿದರೆ ಸಾಕಿತ್ತು. ಬೈಗುಳವನ್ನೆಲ್ಲ ಯಾಕೆ ಇಷ್ಟುದ್ದ ಬರೀತೀರ ಎಂದು ಮೇಡಂ ಕೇಳಿದರೆ, "ಜನ ಹೇಳಿದ್ದನ್ನ ಬಿಡಬಾರದು ಅಂತ ನೀವೇ ಹೇಳಿದ್ರಲ್ಲ ಮೇಡಂ" ಅಂದೆ.

ಆ ರೆಕಾರ್ಡನ್ನು ಹೊರಗೆ ಕೊಡಬಾರದೆಂಬ ನಿಯಮವಿತ್ತು. ಶ್ರೀನಿವಾಸಪುರದಲ್ಲಿ ಒಬ್ಬಳು ಕಣ್ಣೊರೆಸಿಕೊಂಡು, "ನಮ್ಮ ಓರಗಿತ್ತೀರ್ಗೆಲ್ಲ ಕೇಳಿಸ್ಬೇಕು, ನನ್ನ ಫೋನಿಗೆ ಹಾಕಮ್ಮ" ಅಂದಳು. ಹಾಕಿಬಿಟ್ಟೆ. ತಪ್ಪು ಅಂತ ಗೊತ್ತಿದ್ದೇ ಹಾಕಿದೆ. ಎಲ್ಲಿಗಾದರೂ ಹೋಗಲಿ, ಸುತ್ತಿ ಸುತ್ತಿ ಅವಳ ಕಿವಿಗೆ ಬೀಳಲಿ ಎಂಬ ಆಸೆ.

ಬಿತ್ತು. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಕೂತಿದ್ದೆ. ನಮ್ಮ ನೆಂಟರಿಷ್ಟರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ನನ್ನ ಕಥೆ ಬಂತು. ಕಳಿಸಿದ್ದು ಸ್ವತಃ ಅಕ್ಕ! ಕೆಳಗೆ ಕೈಮುಗಿದ ಚಿತ್ರ ಹಾಕಿ, "ಕೇಳಿ ಕಣ್ಣಲ್ಲಿ ನೀರು ಬಂತು. ಇಂಥ ಹೆಂಗಸ್ರೂ ಇರ್ತಾರಲ್ಲ. ಎಲ್ರೂ ತಪ್ಪದೆ ಕೇಳಿ" ಎಂದು ಬರೆದಿದ್ದಳು. ನನ್ನನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡೆ. ಇಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಲೋಟ ತಂದದ್ದು, ಮಗುವನ್ನು ಇಟ್ಟುಕೊಂಡದ್ದು, ಟ್ರೈನಿಂಗ್ ಎಂದು ಮಗುವಿಗೆ ಸಮಾಧಾನ ಹೇಳಿದ್ದು, ಎಲ್ಲ ಅವಳ ಲೆಕ್ಕದಲ್ಲಿ ಆರೈಕೆ. ಕಥೆಯಲ್ಲಿರುವ ಕೆಟ್ಟ ಹೆಂಗಸು ಬೇರೆ ಯಾರೋ. ನೆಂಟರು ಒಬ್ಬೊಬ್ಬರಾಗಿ ಆ ಹೆಂಗಸಿಗೆ ಛೀಮಾರಿ ಹಾಕುತ್ತಿದ್ದರು, ಅಕ್ಕ ಎಲ್ಲಕ್ಕೂ ಹೌದು ಹೌದು ಎನ್ನುತ್ತಿದ್ದಳು.

ನನ್ನ ಮೈಯೆಲ್ಲ ಉರಿದುಹೋಯಿತು. "ಅಕ್ಕಾ, ಆ ವಾರಗಿತ್ತಿ ನೀವೇ. ಟಿಬಿ ಬಂದಿದ್ದು ನನಗೆ. ಟ್ರೈನಿಂಗೂ ಇಲ್ಲ ಎಂಥದೂ ಇಲ್ಲ" ಎಂದು ಬರೆದು ಕಳಿಸಿಬಿಟ್ಟೆ. ಹತ್ತು ವರ್ಷ ಮುಚ್ಚಿಟ್ಟ ಕಾಯಿಲೆಯನ್ನು ಎಲ್ಲರ ಮುಂದೆ ಒದರಿದೆನೆಂಬ ಅರಿವೂ ಆ ಹೊತ್ತಿನಲ್ಲಿ ಇರಲಿಲ್ಲ.

ಎರಡೇ ನಿಮಿಷಕ್ಕೆ ಅಕ್ಕನ ಫೋನು. "ಏನೇ ಇದು? ತೆಗೀ ಅದನ್ನ, ಬೇಗ ಡಿಲೀಟ್ ಮಾಡೇ! ಮಗನಿಗೆ ಹೆಣ್ಣು ನೋಡ್ತಿದೀವಿ ಕಣೇ, ಜನ ಏನಂದ್ಕೊಳ್ಳಲ್ಲ? ನಾನೇನ್ ಮಾಡ್ದೆ ನಿಂಗೆ, ನಿನ್ನ ಮಗೂನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದಕ್ಕಾ?" ಎಂದು ಅಳತೊಡಗಿದಳು. ಆ ಅಳುವನ್ನು ಕೊನೆಯವರೆಗೂ ಕೇಳಿಸಿಕೊಂಡೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. "ಮಾಡಲ್ಲ ಅಕ್ಕ" ಎಂದು ಫೋನು ಇಟ್ಟೆ.

ತಿರುಗಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅವರಪ್ಪನ ಮೊಬೈಲು. ಕಥೆ ಕೇಳಿದ್ದಳು, ನಾನು ಬರೆದದ್ದನ್ನೂ ಓದಿದ್ದಳು.

"ಆ ಮಗು ನಾನಾ?"

"ಹೂಂ ಕಣೇ" ಅಂದೆ. ಈಗ ದೊಡ್ಡಮ್ಮನನ್ನು ಬೈಯುತ್ತಾಳೆ, ಬಂದು ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದು ಕೈ ಚಾಚಿದೆ.

ಅವಳು ಹತ್ತಿರ ಬರಲಿಲ್ಲ. "ದೊಡ್ಡಮ್ಮ ಸುಳ್ಳು ಹೇಳಿದ್ರು, ಸರಿ. ನೀನ್ಯಾಕಮ್ಮ ಹೇಳ್ಲಿಲ್ಲ? ಬಿಟ್ಟು ಹೋದೆ ಅಂತ ನಾನು ಅಷ್ಟು ಸಲ ಬೈದಾಗ್ಲೂ ನೀನು ಸುಮ್ನಿದ್ದೆ. ಇವತ್ತು ಗ್ರೂಪಲ್ಲಿ ಎಲ್ರಿಗೂ ಹೇಳ್ದೆ. ನಂಗ್ಯಾಕೆ ಮೊದ್ಲು ಹೇಳ್ಲಿಲ್ಲ?"

ಮತ್ತೆ ಫೋನು ಬಡಿದುಕೊಂಡಿತು, ಅಕ್ಕನದೇ. ನಾನು ಎತ್ತಲಿಲ್ಲ. ಮಗಳು ನನ್ನ ಉತ್ತರಕ್ಕೆ ಕಾಯುತ್ತಾ ಅಲ್ಲೇ ನಿಂತಿದ್ದಳು.