ಅವ್ವನ ಐರಾಣಿ ಗಡಿಗೆ

ನಮ್ಮವ್ವ ಯಶೋದಾಬಾಯಿಯ ಮಾತು ಬಂದರೆ ಜನ ಮೊದಲು "ಪಾಪ" ಎನ್ನುತ್ತಾರೆ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಏನು ಬಂತು? ನಮ್ಮೂರು ಘಾಟಬೋರಾಳದ ಮನೆಮನೆಯಲ್ಲಿ ಹದಿಮೂರು ವರ್ಷ ಅವಳು ಮಾಡಿದ ಗಡಿಗೆಯ ನೀರನ್ನೇ ಕುಡಿದಿದ್ದಾರೆ. ಕುಡಿದವರಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ನಾವು ಕುಂಬಾರರು. ಅಪ್ಪ ತಿಗರಿ ತಿರುಗಿಸಿ ಗಡಿಗೆ ಎತ್ತುತ್ತಿದ್ದ. ಅವ್ವ ಕೆರೆಯಿಂದ ಮಣ್ಣು ತರುತ್ತಿದ್ದಳು, ತುಳಿಯುತ್ತಿದ್ದಳು, ನಾದುತ್ತಿದ್ದಳು, ಹಸಿ ಗಡಿಗೆಯ ತಳವನ್ನು ಹಲಗೆಯಿಂದ ಬಡಿದು ದುಂಡಗೆ ಮಾಡುತ್ತಿದ್ದಳು. ತಿಗರಿಯನ್ನು ಮಾತ್ರ ಹೆಂಗಸು ಮುಟ್ಟುವಂತಿರಲಿಲ್ಲ. ಅದು ನಮಗೆ ದೇವರು. ಕಸ ಗುಡಿಸುವಾಗಲೂ ಅವ್ವ ಸೆರಗು ಬಿಗಿಹಿಡಿದು, ಅದಕ್ಕೆ ತಾಗದಂತೆ ಸುತ್ತುಹಾಕಿ ಹೋಗುತ್ತಿದ್ದಳು.

1934ರ ಮಳೆಗಾಲದಲ್ಲಿ ಅಪ್ಪ ಜ್ವರ ಬಂದು ತೀರಿಕೊಂಡ. ನನಗಾಗ ಮೂರು ವರ್ಷ. ಸುಗ್ಗಿಯಲ್ಲಿ ಊರವರು ಕುಂಬಾರರಿಗೆ ಜೋಳ ಅಳೆದು ಕೊಡುತ್ತಿದ್ದರು; ಅದಕ್ಕೆ ಆಯ ಎನ್ನುತ್ತೇವೆ. ಆಯ ಬರಬೇಕಾದರೆ ಊರಿನ ಪ್ರತಿ ಮದುವೆಗೂ ನಾವು ಐರಾಣಿ ಕೊಡಬೇಕು. ಐರಾಣಿ ಎಂದರೆ ಸುಣ್ಣ ಬಳಿದು ಚಿತ್ತಾರ ಬರೆದ ಮದುವೆ ಗಡಿಗೆಗಳು. ಮುತ್ತೈದೆಯರು ಬಾಜಾಬಜಂತ್ರಿಯೊಡನೆ ಕುಂಬಾರರ ಮನೆಗೆ ಬಂದು, ತಿಗರಿಗೆ ಪೂಜೆ ಮಾಡಿ, ಅವನ್ನು ತಲೆಯ ಮೇಲೆ ಹೊತ್ತೊಯ್ಯುತ್ತಾರೆ. ಅವಿಲ್ಲದೆ ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಗಡಿಗೆ ಎತ್ತುವ ಗಂಡಸೇ ಇಲ್ಲವೆಂದರೆ ಆಯ ದುಬಲಗುಂಡಿಯ ಕುಂಬಾರರಿಗೆ ಹೋಗುತ್ತಿತ್ತು. ಆಮೇಲೆ ನಾವು ಮಣ್ಣು ತಿನ್ನಬೇಕಾಗಿತ್ತು.

ಅಪ್ಪನ ತಮ್ಮ ತುಳಜಾರಾಮ ಕಾಕಾ ಹುಮನಾಬಾದಿನ ಒಂದು ಕಚೇರಿಯಲ್ಲಿ ಚಪರಾಸಿ. ತಿಗರಿಯ ಗಂಧಗಾಳಿಯೂ ಇಲ್ಲದವನು, ಆದರೆ ಕರುಳುಳ್ಳವನು. ಒಂದು ಶುಕ್ರವಾರ, ಆಗ ಕಚೇರಿಗೆ ವಾರದ ಸೂಟಿಯ ದಿನ, ಬಂದು ಹೇಳಿದ: "ವೈನಿ, ಹೈದ್ರಾಬಾದದಾಗ ಹೆಣ್ಮಕ್ಕಳಿಗೆ ಕೈಕೆಲಸ ಕಲಸಾಕತ್ತಾರ. ಮೂರು ತಿಂಗಳು. ಉಣ್ಣಾಕ ಹಾಕ್ತಾರ, ಇರಾಕ ಜಾಗಾ ಕೊಡ್ತಾರ. ಮಣ್ಣಿನ ಗೊಂಬಿ ಮಾಡೂದ ಕಲ್ತು ಬರ್ರಿ. ಹುಮನಾಬಾದ ಸಂತ್ಯಾಗ ಮಾರಿದ್ರಾತು."

ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಟಳು.

ದೊಡ್ಡ ಮನೆಯೊಂದರ ಹಿತ್ತಿಲಲ್ಲಿ ಆ ಶಾಲೆ ಇತ್ತಂತೆ. ಒಂದು ಚಪ್ಪರದ ಕೆಳಗೆ ಹೊಲಿಗೆ, ಇನ್ನೊಂದರ ಕೆಳಗೆ ಬುಟ್ಟಿ ಹೆಣೆಯುವುದು, ಮೂರನೆಯದರ ಕೆಳಗೆ ಐದು ತಿಗರಿ. ಕಲಿಸುವವನು ಮಹೆಬೂಬ ಉಸ್ತಾದ, ನಮ್ಮ ಹುಮನಾಬಾದ್ ಕಡೆಯ ಮುದುಕ, ಕನ್ನಡ ಬಲ್ಲವನು. ಅವ್ವನ ಜೊತೆ ಕಲಿಯುವ ಉಳಿದ ನಾಲ್ವರು ನಗರದ ಹೆಣ್ಣುಮಕ್ಕಳು, ಮಣ್ಣಿಗೆ ಕೈ ಹಾಕಿದವರೇ ಅಲ್ಲ. ಅವ್ವ ಮೊದಲ ದಿನವೇ ಮಣ್ಣಿಗಿಳಿದಳು. ಎಲ್ಲರ ಮಣ್ಣನ್ನೂ ತುಳಿದಳು, ಹರಳು ಆರಿಸಿದಳು, ಮುದ್ದೆ ಕಟ್ಟಿ ಒಬ್ಬೊಬ್ಬರ ತಿಗರಿಯ ಪಕ್ಕ ಇಟ್ಟಳು. ಅವಳ ಪಾಲಿನ ತಿಗರಿ ಸುಮ್ಮನೆ ನಿಂತಿತ್ತು. ಎಂಟು ದಿನ ಹೀಗೇ ನಡೆಯಿತು.

ಒಂಬತ್ತನೆಯ ದಿನ ಉಸ್ತಾದ ಕೇಳಿದ: "ಯಾಕವ್ವಾ, ಮಂದಿ ಮಣ್ಣೇ ನಾದಾಕತ್ತಿದಿ. ನಿನ್ನ ಗಡಗಿ ಯಾವಾಗ ಮಾಡ್ತಿ?"

"ಗಂಡಸೂರು ಬರ್ಲಿ ಅಂತ ಕಾಯಾಕತ್ತೀನ್ರಿ," ಎಂದಳು ಅವ್ವ.

ನಗರದ ಹುಡುಗಿಯರು ಕಿಸಕ್ಕನೆ ನಕ್ಕರು. ಉಸ್ತಾದ ನಗಲಿಲ್ಲ. ಅವನಿಗೆ ನಮ್ಮ ಕುಲದ ಕಟ್ಟಳೆ ಗೊತ್ತಿತ್ತು. ಅವಳ ತಿಗರಿಯನ್ನು ತಾನೇ ನೀರು ಹಾಕಿ ತೊಳೆದು, ನಡುವೆ ಮುದ್ದೆ ಇಟ್ಟು, ದೂರ ಸರಿದು ಕೂತ. "ಇಲ್ಲಿ ಗಂಡಸಂದ್ರ ನಾ ಒಬ್ಬಾಂವ. ನಾ ಕಲಸಾಕ ಬಂದೀನಿ, ನಿನ್ನ ಗಡಗಿ ಮಾಡಾಕಲ್ಲ. ನಿನ್ನ ಕೂಸಿಗೆ ಹಸಿವಾದಾಗ ಯಾವ ಗಂಡಸು ಬರ್ತಾನಂತ ಕಾಯ್ತಿ?"

ಅವ್ವ ಅಳುತ್ತಲೇ ಕೈ ಇಟ್ಟಳು. "ಬೆಂಕಿ ಹತ್ತೀತು ಅಂತ ಮಾಡಿದ್ದೆ," ಎಂದು ನನಗೆ ಎಷ್ಟೋ ಸಲ ಹೇಳಿದ್ದಾಳೆ. "ತಣ್ಣಗ ಇತ್ತವ್ವಾ."

ಮೂರು ತಿಂಗಳಾದ ಮೇಲೆ ಅವಳು ಗೊಂಬೆ ಕಲಿತು ಬರಲಿಲ್ಲ, ಗಡಿಗೆ ಕಲಿತು ಬಂದಳು. ಕಾಕಾ ಗಾಬರಿಬಿದ್ದ. "ವೈನಿ, ಗೊತ್ತಾದ್ರ ಕುಲದಾಗಿಂದ ಹೊರಗ ಹಾಕ್ತಾರ!" ಎಂದ. ಆದರೂ ದಾರಿ ಹುಡುಕಿದವನು ಅವನೇ. ಅಪ್ಪನ ತಿಗರಿಯನ್ನು ಒಳಕೋಣೆಗೆ ಸರಿಸಿದ. ಪ್ರತಿ ಶುಕ್ರವಾರ ತಾನು ಬಂದು ಗಡಿಗೆ ಎತ್ತುತ್ತೇನೆ ಎಂದು ಊರೆಲ್ಲ ಸಾರಿದ. ಒಳಗೆ ಅವ್ವ ತಿಗರಿಯ ಮುಂದೆ. ಹೊರಗೆ ಕಾಕಾ ಮೊಣಕೈತನಕ ಕೆಸರು ಬಳಿದುಕೊಂಡು, ಕಟ್ಟೆಯ ಮೇಲೆ ಬೀಡಿ ಸೇದುತ್ತ. "ತುಳಜಾರಾಮನ ಕೈ ಭಾಳ ಛಲೋ," ಎಂದು ಊರು ಹೊಗಳಿತು. ಆಯ ನಿಲ್ಲಲಿಲ್ಲ.

ಮದುವೆಗಳು ಬಂದಾಗ ಐರಾಣಿಯನ್ನು ಕಾಕಾನೇ ಎತ್ತಿ ಕೊಡುತ್ತಿದ್ದ. ಗಂಡ ಸತ್ತವಳ ಮುಖ ಕಾಣಬಾರದೆಂದು ಅವ್ವ ಬಾಗಿಲ ಹಿಂದೆ ನಿಂತು, ಸಂದಿಯಿಂದ ತನ್ನ ಗಡಿಗೆಗಳು ಹೋಗುವುದನ್ನು ನೋಡುತ್ತಿದ್ದಳು. ನಾನು ಬುದ್ಧಿ ಬಂದಾಗಿನಿಂದ ಗುಟ್ಟು ಬಲ್ಲೆ, ಬಾಯಿ ಬಿಟ್ಟವಳಲ್ಲ.

ಪಕ್ಕದ ಮನೆಯ ಧೂಳಮ್ಮನ ಮಗಳು ಶಕುಂತಲಾಬಾಯಿಯನ್ನು 1942ರಲ್ಲಿ ಕಲ್ಯಾಣಿಗೆ ಕೊಟ್ಟರು. ಬಸವಕಲ್ಯಾಣಕ್ಕೆ ಆಗ ಹಾಗೇ ಎನ್ನುತ್ತಿದ್ದರು. ಮರುವರ್ಷವೇ ವಾಂತಿಭೇದಿ ಬಂದು ಅವಳ ಗಂಡ ಸತ್ತ. ಹಣೆ ಬರಿದಾಗಿ ತವರಿಗೆ ಮರಳಿದಳು. ಅಂದಿನಿಂದ ಅವ್ವ ಒಪ್ಪತ್ತು ಮಾತ್ರ ಉಣ್ಣತೊಡಗಿದಳು. ಯಾಕೆ ಎಂದರೆ ಹಸಿವಿಲ್ಲ ಎನ್ನುತ್ತಿದ್ದಳು. ನಾನು ನಂಬಿದೆ, ದಡ್ಡಿ.

1947ರ ಬೇಸಿಗೆಯಲ್ಲಿ ನನಗೆ ಮುಡಬಿಯ ವರ ಗೊತ್ತಾಯಿತು. ಮದುವೆಗೆ ಎಂಟು ದಿನ ಇರುವಾಗ ಅವ್ವ ಕಾಕಾನನ್ನು ಕರೆದು ಹೇಳಿದಳು: "ದುಬಲಗುಂಡಿಗೆ ಹೋಗಿ ನಮ್ಮ ದ್ರೌಪತಿಗೆ ಐರಾಣಿ ತಗೊಂಡು ಬಾ."

ನಾನು ಕೇಳಿಸಿಕೊಂಡೆ. "ಯಾಕ, ನಿನ್ನ ಕೈಗೆ ಏನಾಗ್ಯದ?"

"ನಂದು ಮುಂಡಿ ಕೈ ಮಗಳ."

ನನ್ನ ಸಿಟ್ಟು ನೆತ್ತಿಗೇರಿತು. "ಮಂದಿ ಮಕ್ಕಳಿಗೆ ನಡೀತು, ನಿನ್ನ ಮಗಳಿಗೆ ನಡಿಯೂದಿಲ್ಲ? ಹಂಗಾರ ಇಷ್ಟು ವರ್ಷ ಎಲ್ಲಾರಿಗೂ ಕೇಡು ಬಗದಿ ಏನು?"

ಆಡಬಾರದ ಮಾತು. ಆಡಿದೆ. ಅವ್ವ ಗೋಡೆಗೆ ಒರಗಿ ಕೂತಳು. "ಶಕುಂತಲಾನ ಐರಾಣಿ ನನ್ನ ಕೈಯವು," ಎಂದಳು. "ಆಕಿ ಕುಂಕುಮ ಅಳಿಸಿದಾಕಿ ನಾ." ನಾಲ್ಕು ವರ್ಷದ ಒಪ್ಪತ್ತಿನ ಅರ್ಥ ನನಗೆ ಆಗ ತಿಳಿಯಿತು.

ನಾನು ನಿಲ್ಲಲಿಲ್ಲ. ನೇರ ಪಕ್ಕದ ಮನೆಗೆ ಹೋಗಿ ಶಕುಂತಲಾಬಾಯಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಒಂದು ಕೂಗು ಹಾಕಿದ್ದರೆ ಆಯವೂ ಹೋಗುತ್ತಿತ್ತು, ನನ್ನ ಮದುವೆಯೂ ಮುರಿಯುತ್ತಿತ್ತು. ಅವಳು ಎದ್ದು ನನ್ನ ಹಿಂದೆ ಬಂದಳು. ಜೋಳ ಬೀಸುತ್ತಿದ್ದ ಧೂಳಮ್ಮನೂ ಹಿಟ್ಟಿನ ಕೈಯಲ್ಲೇ ಬಂದಳು.

ಶಕುಂತಲಾಬಾಯಿ ಅವ್ವನ ಎದುರು ಕೂತು ಕೇಳಿದಳು: "ಕಾಕು, ನನ್ನ ಗಂಡ ಹೋದ ವಾರ ಕಲ್ಯಾಣ್ಯಾಗ ನಮ್ಮ ಓಣ್ಯಾಗೇ ವಾಂತಿಭೇದಿಗೆ ಹನ್ನೊಂದು ಮಂದಿ ಸತ್ರು. ಹನ್ನೊಂದು ಮನೀಗೂ ನೀವೇ ಐರಾಣಿ ಕೊಟ್ಟಿದ್ರಿ ಏನ್ರಿ?"

"ಇಲ್ಲವ್ವಾ."

"ಹಂಗಾರ ನನ್ನ ಗಂಡನ ಸಾವು ನೀವ್ಯಾಕ ಹೊರತೀರಿ? ಅಲ್ಲಿ ಅತ್ತಿ ನನ್ನ ಕಾಲ್ಗುಣ ಅಂದ್ಳು. ನಾಕು ವರ್ಷ ನಾನೂ ಹೌದಂತ ತಿಳಕೊಂಡೀನಿ. ಈಗ ನೀವು ನಿಮ್ಮ ಕೈ ಅಂತೀರಿ. ಒಂದು ಸಾವಿಗೆ ಎಷ್ಟು ಮಂದಿ ಹೆಂಗಸೂರು ಬೇಕ್ರಿ?"

ಅವ್ವ ಅವಳನ್ನು ತಬ್ಬಿಕೊಂಡು ಅತ್ತಳು. ಅಷ್ಟು ಜೋರಾಗಿ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಧೂಳಮ್ಮ ಮಾತ್ರ ಕೈಯ ಹಿಟ್ಟು ಕೊಡವಿ ಎದ್ದು ಹೋದಳು. ಅವಳು ಊರಿಗೆಲ್ಲ ಹಿರಿಯ ಮುತ್ತೈದೆ. ಅವಳು ಒಲ್ಲೆ ಎಂದರೆ ಐರಾಣಿ ಹೊರಲು ಯಾರೂ ಬರುವುದಿಲ್ಲ. ಅವ್ವ ಆ ಎಂಟು ದಿನ ಗಡಿಗೆ ಮಾಡಿದಳು, ಸುಟ್ಟಳು, ಸುಣ್ಣ ಬಳಿದಳು. ಯಾರಾದರೂ ಬರುತ್ತಾರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ.

ಬಂದರು. ಹಲಗಿ ಬಾರಿಸುವ ಸದ್ದು ಓಣಿ ತಿರುಗಿದಾಗ ಕಾಕಾ ಗಡಿಗೆ ಎತ್ತಲು ಮುಂದಾದ. ಅವ್ವ ಅವನ ಕೈ ತಡೆದಳು, ಬಾಗಿಲ ಹಿಂದೆ ಹೋಗಲಿಲ್ಲ. ಹೊಸ್ತಿಲ ಮೇಲೆ ನಿಂತು ಹೇಳಿದಳು: "ಇವು ನನ್ನ ಕೈಯವು. ಇಷ್ಟು ವರ್ಷ ಕೊಟ್ಟವೂ ನನ್ನ ಕೈಯವೇ. ಹೊರಾವ್ರು ಹೊರ್ರಿ, ಒಲ್ಲದಾವ್ರು ಹೋಗ್ರಿ."

ಹಲಗಿ ನಿಂತಿತು. ಇಬ್ಬರು ಹೆಂಗಸರು ತಿರುಗಿ ನಡೆದರು. ಉಳಿದವರು ಧೂಳಮ್ಮನ ಮುಖ ನೋಡಿದರು. ಅವಳು ಸಾವಕಾಶವಾಗಿ ಅರಿವೆ ಸುತ್ತಿ ಸಿಂಬೆ ಮಾಡಿ, ತಲೆಯ ಮೇಲಿಟ್ಟುಕೊಂಡು, ಅವ್ವನ ಮುಂದೆ ಬಗ್ಗಿದಳು. "ನೀನೇ ಎತ್ತಿ ಇಡು ಯಶೋದಾ. ಲಗೂ ಇಡು, ಕುತಗಿ ನೋಯಾಕತ್ತದ."

ಅವ್ವ ಇಟ್ಟಳು.

ನನ್ನ ಮದುವೆ ಮುರಿಯಲಿಲ್ಲ, ಕುಲದವರೂ ಹೊರಗೆ ಹಾಕಲಿಲ್ಲ. ಆ ವರ್ಷ ಮೂರು ಮನೆಯವರು ಆಯ ಕೊಡಲಿಲ್ಲ. ಉಳಿದವರು ಕೊಟ್ಟರು. ತಿಗರಿ ಒಳಕೋಣೆಯಿಂದ ಮತ್ತೆ ಪಡಸಾಲೆಗೆ ಬಂತು. ಅವ್ವ ಎರಡು ಹೊತ್ತು ಉಂಡಳು.

ಇದನ್ನು ಹೇಳಿದಾಗಲೆಲ್ಲ ಕೇಳಿದವರು ಕೊನೆಗೆ ಒಂದೇ ಮಾತು ಕೇಳುತ್ತಾರೆ: ನಿನ್ನ ಗಂಡ ಎಷ್ಟು ವರ್ಷ ಬಾಳಿದ? ನಾನು ಹೇಳುವುದಿಲ್ಲ. ಬಹಳ ವರ್ಷ ಎಂದರೆ ಗಡಿಗೆಯ ಪುಣ್ಯ ಎನ್ನುತ್ತೀರಿ. ಬೇಗ ಹೋದ ಎಂದರೆ ಅವ್ವನ ಕೈ ನೋಡುತ್ತೀರಿ. ಗಡಿಗೆ ಸೋರಿತೋ ಇಲ್ಲವೋ ಎಂದು ಕೇಳಿ, ಹೇಳುತ್ತೇನೆ. ಒಂದೂ ಸೋರಲಿಲ್ಲ.