ಅಕ್ಕಿ ನೆನೆಸಿದವಳು

ಟಿಣ್, ಟಿಣ್, ಟಿಣ್. ಆ ವಾರವೆಲ್ಲ ನನ್ನ ಮೊಬೈಲು ಹೀಗೆ ಬಡಿದುಕೊಳ್ಳುತ್ತಲೇ ಇತ್ತು. ಸಾಕಾಗಿ ಜಯನಗರ ಫೋರ್ತ್ ಬ್ಲಾಕಿನ ಮೊಬೈಲ್ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಹೆಂಗಸು ಕನ್ನಡಕ ಏರಿಸಿ ನೋಡಿ, "ಆಂಟಿ, ನಿಮ್ಮ ಮೆಮೊರಿ ಫುಲ್ ಆಗಿದೆ," ಎಂದರು.

"ಸದ್ಯ! ಈ ವಯಸ್ಸಲ್ಲಿ ನನಗೆ ಹಾಗಂದೋರು ನೀವೊಬ್ರೇ ಕಣಮ್ಮ."

"ತುಂಬಿರೋದೆಲ್ಲ ಬರೀ ಗುಡ್ ಮಾರ್ನಿಂಗ್ ಗುಲಾಬಿಗಳು ಆಂಟಿ. ಡಿಲೀಟ್ ಮಾಡ್ಲಾ?"

"ಮಾಡಿ, ಮಾಡಿ. ಮನೆಯವರ ಫೋಟೋ ಮಾತ್ರ ಮುಟ್ಬೇಡಿ."

ಅವರು ಗುಲಾಬಿ ಕೀಳುತ್ತಿದ್ದಾಗಲೇ ಇಟ್ಟಮಡುವಿನಿಂದ ಫೋನು ಬಂತು. ನನ್ನ ಓರಗಿತ್ತಿಯ ಮಗಳು. ಓರಗಿತ್ತಿ ಅಂದರೆ ನನ್ನ ಯಜಮಾನರ ಅಣ್ಣನ ಹೆಂಡತಿ. ನನಗಿಂತ ಹನ್ನೊಂದು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

"ಚಿಕ್ಕಮ್ಮ, ಅಮ್ಮಂಗೆ ಮೆಮೊರಿ ತುಂಬಾ ಹೋಗ್ಬಿಟ್ಟಿದೆ. ನಿನ್ನೆ ನನ್ನನ್ನೇ ಯಾರು ಅಂತ ಕೇಳಿದ್ರು. ಒಂದ್ಸಲ ಬಂದು ಹೋಗಿ."

ಅವತ್ತೇ ಹೊರಟೆ! ಮೆಟ್ರೋ ಹತ್ತಿ ಕೂತರೆ ಎದೆ ಪರೀಕ್ಷೆಯ ದಿನದ ಹಾಗೆ ಹೊಡೆದುಕೊಳ್ಳುತ್ತಿತ್ತು. ಅಕ್ಕ ನನ್ನನ್ನು ಗುರುತು ಹಿಡಿಯುತ್ತಾರಾ, ಇಲ್ಲವಾ? ಅದೊಂದೇ ಪ್ರಶ್ನೆ. ಆರು ವರ್ಷಕ್ಕೇ ಬೋರ್ಡಿಂಗ್ ಸೇರಿದವಳು ನಾನು. ಅಲ್ಲಿ ಮೆಮೊರಿ ಅಂದರೆ ಬೈಹಾರ್ಟ್ ಮಾಡುವುದು, ಅಷ್ಟೇ. ನದಿಗಳನ್ನೂ ರಾಜಧಾನಿಗಳನ್ನೂ ತಡೆಯದೆ ಒಪ್ಪಿಸಿದರೆ ಮದರ್ ಸುಪೀರಿಯರ್ "ವಂಡರ್‌ಫುಲ್ ಮೆಮೊರಿ, ಚೈಲ್ಡ್!" ಅನ್ನುತ್ತಿದ್ದರು. ಈಗ ಯಡಿಯೂರು ಕೆರೆಯ ಪಾರ್ಕಿನಲ್ಲಿ ನಾನು ದಿನಾ ಕೂರುವ ಕಲ್ಲುಬೆಂಚಿನ ಬೆನ್ನಿಗೆ "ಜ್ಞಾಪಕಾರ್ಥ" ಎಂದು ಕೆತ್ತಿದೆ. ಯಾರ ಜ್ಞಾಪಕಾರ್ಥ ಎಂಬುದು ಮಾತ್ರ ಸವೆದುಹೋಗಿದೆ. ವಾಕಿಂಗ್ ಗೆಳತಿಯರೆಲ್ಲ ಇದಕ್ಕೆ ಬಿದ್ದು ಬಿದ್ದು ನಗುತ್ತೇವೆ. ಆವತ್ತು ಮೆಟ್ರೋದಲ್ಲಿ ಯಾಕೋ ನಗು ಬರಲಿಲ್ಲ. ಬನಶಂಕರಿಯಲ್ಲಿ ಇಳಿದು ಆಟೋ ಹಿಡಿದೆ.

ಅಕ್ಕ ಕಿಟಕಿಯ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದರು. ಬೆರಳುಗಳು ಚುರುಕಾಗಿಯೇ ಇದ್ದವು. ಕಣ್ಣು ಮಾತ್ರ ನನ್ನ ಮೇಲೆ ಹರಿದು ಮುಂದಕ್ಕೆ ಹೋಯಿತು.

"ಬನ್ನಿ, ಕೂತ್ಕೊಳ್ಳಿ," ಎಂದರು.

ಬನ್ನಿ! ಜೀವಮಾನವಿಡೀ ನನಗೆ "ಬಾರೇ" ಅಂದವರು. ನಾನು ತಡೆಯಲಾರದೆ, "ಅಕ್ಕ, ನಾನು. ಸ್ವಲ್ಪ ನೆನೆಸ್ಕೊಳ್ಳಿ," ಎಂದೆ.

"ನೆನೆಸೋದಾ? ಏನು, ಅಕ್ಕೀನಾ?" ಎಂದರು ಅಕ್ಕ. ಮರುಗಳಿಗೆಗೆ ಹೆಗಲು ಕುಣಿಸಿಕೊಂಡು ನಗತೊಡಗಿದರು. "ನಮ್ಮನೇಲಿ ಒಬ್ಳು ಇದ್ಳು ರೀ, ಕಾನ್ವೆಂಟ್ ಹುಡುಗಿ. ಆಗಿನ್ನೂ ಹೊಸದಾಗಿ ಮದ್ವೆಯಾಗಿ ಬಂದಿದ್ಳು. ನಾಳೆ ದೋಸೆಗೆ ಅಕ್ಕಿ ನೆನೆಸೇ ಅಂತ ಹೇಳಿ ಮಧ್ಯಾಹ್ನ ಪೇಟೆಗೆ ಹೋದೆ. ಸಾಯಂಕಾಲ ಬಂದು ನೋಡಿದ್ರೆ ಪಾತ್ರೆ ಒಣಒಣ! ಅಕ್ಕಿ ನೆನೆಸಿದ್ಯೇನೇ ಅಂದ್ರೆ, ಓ, ಮಧ್ಯಾಹ್ನದಿಂದ ನೆನೆಸ್ತಾನೇ ಇದ್ದೀನಿ ಅಕ್ಕ ಅಂದ್ಳು!"

ಸೊಪ್ಪಿನ ಮೊರ ಅಲುಗುವಷ್ಟು ನಕ್ಕರು. ನಾನೂ ನಕ್ಕೆ. ನಿಜ ಹೇಳುತ್ತೇನೆ, ನನಗೆ ಗೊತ್ತಿದ್ದದ್ದು "ದೇವರನ್ನ ನೆನೆಸು" ಅನ್ನುವ ನೆನೆಸು ಒಂದೇ. ಇದೇನು ಮಡಿ ಮನೆಯಪ್ಪಾ, ಅಕ್ಕಿಯನ್ನೂ ಧ್ಯಾನ ಮಾಡಬೇಕಲ್ಲ ಎಂದುಕೊಂಡು ಸೋಫಾದ ಮೇಲೆ ಕೂತು ಅಕ್ಕಿಯನ್ನೇ ಯೋಚಿಸಿದ್ದೆ. ಹೌ ಸಿಲ್ಲಿ!

"ಆಮೇಲೆ?" ಎಂದೆ, ಕಥೆ ಗೊತ್ತಿಲ್ಲದವಳ ಹಾಗೆ.

"ಆಮೇಲೇನು, ಬೆಳಿಗ್ಗೆ ಎಲ್ರಿಗೂ ಉಪ್ಪಿಟ್ಟು. ನಮ್ಮತ್ತೆ ಉರಿದುಬಿದ್ರು. ಯಾರು ಮರೆತದ್ದು ಅಂತ ಕೇಳಿದ್ರು. ನಾನೇ ಮರೆತೆ ಅಂದ್ಬಿಟ್ಟೆ. ಬೈಸ್ಕೊಂಡೆ ಅನ್ನಿ. ಅವಳಿಗೆ ಹೇಳ್ಲಿಲ್ಲ. ಪಾಪ, ಅತ್ಕೊಂಡು ಕೂರ್ತಾಳೆ."

ಇದು ನನಗೆ ಗೊತ್ತೇ ಇರಲಿಲ್ಲ! ಅಂದು ಅತ್ತೆ ನನಗೆ ಒಂದು ಮಾತೂ ಆಡಿರಲಿಲ್ಲ. ಎಂಥ ಒಳ್ಳೆಯವರು ಎಂದು ಎಷ್ಟೋ ಜನರ ಮುಂದೆ ಹೊಗಳಿಕೊಂಡು ಬಂದಿದ್ದೇನೆ.

"ಅವಳು ಹೇಗಿದ್ಳು ಅಕ್ಕ?" ಎಂದು ಕೇಳಿದೆ.

"ಬಾಯಿಬಡುಕಿ. ಟಸ್‌ಪುಸ್ ಇಂಗ್ಲಿಷು. ಆದ್ರೆ ಅವಳಿದ್ರೆ ಕೆಲಸ ಮಾಡಿದ್ದೇ ಗೊತ್ತಾಗ್ತಿರಲಿಲ್ಲ."

ನನ್ನ ಇಡೀ ಸ್ಕೂಲ್ ಲೈಫಿನಲ್ಲಿ ಇಂಥ ಪ್ರೈಜು ಸಿಕ್ಕಿರಲಿಲ್ಲ. ಎದ್ದು ಕುಣಿಯಬೇಕು ಅನ್ನಿಸಿತು. ಮಗಳು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಅಮ್ಮ, ಅವಳೇ ಇವ್ರು..." ಎಂದು ಶುರುಮಾಡಿದಳು. ನಾನು ಬೇಡ ಎಂದು ಕೈಸನ್ನೆ ಮಾಡಿದೆ.

ಹೊರಟಾಗ ಅಕ್ಕ ಮಗಳ ತೋಳು ಹಿಡಿದು ಗೇಟಿನವರೆಗೂ ಬಂದರು. ನಾನು ಆಟೋದಲ್ಲಿ ಕೂತ ಮೇಲೆ ಬಗ್ಗಿ, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿ, "ನೋಡಿ, ಉಪ್ಪಿಟ್ಟಿನ ವಿಷಯ ಅವಳಿಗೆ ಹೇಳ್ಬೇಡಿ," ಎಂದರು.

"ಇಲ್ಲ ಅಕ್ಕ, ಹೇಳಲ್ಲ."

ಆಟೋ ತಿರುವು ದಾಟುವವರೆಗೂ ಅಕ್ಕ ಬಾಯಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.