ಅಜ್ಜಿಯ ಬಾಡಿಯ ಮೇಲೆ ಬಿಸಿಲು

ಸಿಟ್ಟು ಬಂದರೆ ಬಟ್ಟೆ ಮಡಿಸುತ್ತಾ ಕೂರುವುದು ನನ್ನ ಅಭ್ಯಾಸ. ಹೋದ ಭಾನುವಾರ ಮನೆಯಲ್ಲಿದ್ದ ಬಟ್ಟೆಯೆಲ್ಲ ಮಡಿಸಿ ಮುಗಿದರೂ ಸಿಟ್ಟು ಇಳಿಯಲಿಲ್ಲ. ಅದಕ್ಕೇ ನಿಮ್ಮೆದುರು ಕೂತಿದ್ದೇನೆ.

ಅವತ್ತು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನಮ್ಮ ಬೀದಿಯ ಹೆಂಗಸರ ಸಂಘದವರು ಹಳೇ ಕಾಲದ ಉಡುಪುಗಳ ಪ್ರದರ್ಶನ ಇಟ್ಟಿದ್ದರು. ನಾನು ಭದ್ರಾವತಿಯ ಅಜ್ಜಿಯ ಬಾಡಿ ತೆಗೆದುಕೊಂಡು ಹೋದೆ. ಬಾಡಿ ಅಂದರೆ ರವಿಕೆಯೊಳಗೆ ತೊಡಲು ಮನೆಯಲ್ಲೇ ಹೊಲಿದುಕೊಳ್ಳುತ್ತಿದ್ದ ಒಳರವಿಕೆ. ಅಜ್ಜಿ ಕೈಯಾರೆ ಮಾಡಿದ್ದರಲ್ಲಿ ನಮಗೆ ಉಳಿದಿರುವುದು ಅದೊಂದೇ.

ಅದಕ್ಕೆ ಬಟ್ಟೆ, ಕಾರ್ಖಾನೆಗೆ ಹೋಗುತ್ತಿದ್ದ ಅಜ್ಜ ಉಟ್ಟು ಸವೆಸಿದ ಪಂಚೆ. ಹೊಸ ಬಟ್ಟೆ ಮೈಗೆ ಚುಚ್ಚುತ್ತದೆ, ಒಗೆದೊಗೆದು ಹಳತಾದದ್ದು ಚುಚ್ಚುವುದಿಲ್ಲ. ಕೈ ಎತ್ತಿ ನೀರು ಸೇದುವಾಗ ಹರಿಯದಿರಲೆಂದು ಕಂಕುಳಲ್ಲಿ ಓರೆಯಾಗಿ ಕೂಡಿಸಿದ ಚೌಕದ ತುಂಡು. ಒಗೆಯುವ ಕಲ್ಲಿಗೆ ಗುಂಡಿ ಒಡೆಯುತ್ತದೆಂದು ಮುಂದುಗಡೆ ಬರೀ ಗಂಟು. ಎದೆಯ ಭಾಗ ಬಿಟ್ಟರೆ ಎಲ್ಲಾ ಕಡೆ ಒಂದೇ ಪದರ. ಯಾಕೆ ಗೊತ್ತೇ? ಅದು ನೆರಳಲ್ಲೇ ಒಣಗಬೇಕಿತ್ತು, ಬಚ್ಚಲ ಹಿಂದಿನ ಹಗ್ಗದ ಮೇಲೆ, ಟವೆಲಿನ ಕೆಳಗೆ! ಅಜ್ಜಿಯ ಬುದ್ಧಿಯನ್ನು ಮೆಚ್ಚಲೋ, ಆ ಗತಿ ತಂದವರನ್ನು ಬೈಯಲೋ, ನನಗಂತೂ ತಿಳಿಯದು.

ಸಂಘದ ಕಾರ್ಯದರ್ಶಿ ನಾಗರತ್ನಕ್ಕ ಬಿಸಿ ತವಾ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು.

“ಅಯ್ಯೋ ಮಾರಾಯ್ತಿ, ಗಂಡಸ್ರೂ ಬರ್ತಾರೆ ಕಣೇ. ಇದನ್ನ ಹೆಂಗೆ ಇಡೋದು?”

ಅವರ ಬೆನ್ನ ಹಿಂದಿನ ಗೋಡೆಯಲ್ಲೇ, ಅವರ ಮಾವನವರ ಕುಸ್ತಿಯ ಲಂಗೋಟಿ ಹೂವಿನ ಹಾರ ಹಾಕಿಸಿಕೊಂಡು ರಾರಾಜಿಸುತ್ತಿತ್ತು!

“ಇದನ್ನ ಇಡೋ ತನಕ ನಾನು ಇಲ್ಲಿಂದ ಏಳಲ್ಲ” ಅಂದೆ. ಕೊನೆಗೆ ಅವರು ರಾಜಿಗೆ ಬಂದರು. ಬಾಡಿ ಮೇಜಿನ ಮೇಲೆ ಬಂತು. ಬಾಡಿಯ ಮೇಲೆ ಒಂದು ಟವೆಲೂ ಬಂತು.

ಟವೆಲ್ ಕಂಡಿದ್ದೇ ತಡ, ಬಂದ ಹೆಂಗಸರೆಲ್ಲ ನೇರವಾಗಿ ಅಲ್ಲಿಗೇ. ಟವೆಲಿನ ಕೆಳಗೆ ಏನಿರುತ್ತದೆಂದು ಯಾರಿಗೆ ಗೊತ್ತಿಲ್ಲ ಹೇಳಿ? ಎತ್ತಿ ಇಣುಕುವುದು, ಕಿಸಕ್ಕನೆ ನಗುವುದು, ಮತ್ತೆ ಮುಚ್ಚುವುದು. ಅಜ್ಜಿಯ ಹೊಲಿಗೆಯನ್ನು ಒಬ್ಬರಾದರೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಟವೆಲನ್ನು ಸರಕ್ಕನೆ ಎಳೆದು ಲಂಗೋಟಿಗೆ ಹೊದಿಸಿಬಿಟ್ಟೆ.

“ಏ, ಅದನ್ಯಾಕೆ ಮುಚ್ಚಿದ್ಯೇ? ಅದ್ರಲ್ಲಿ ನಾಚಿಕೆ ಪಡೋಂಥದ್ದು ಏನಿದೆ?” ಅಂತ ನಾಗರತ್ನಕ್ಕ ಕೂಗಿದರು.

“ನಾನೂ ಬೆಳಿಗ್ಗೆಯಿಂದ ಅದನ್ನೇ ಕೇಳ್ತಿರೋದು ಅಕ್ಕಾ.”

ಅವರು ನನ್ನ ಮುಖ ನೋಡಿದರು, ಬಾಡಿಯನ್ನು ನೋಡಿದರು. ಲಂಗೋಟಿಯ ಮೇಲಿನ ಟವೆಲ್ ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು, ಮತ್ತೆ ಯಾವುದಕ್ಕೂ ಹೊದಿಸಲಿಲ್ಲ. ಕಿಟಕಿಯ ಬಿಸಿಲು ಅಜ್ಜಿಯ ಬಾಡಿಯ ಮೇಲೆ ಬಿತ್ತು.

ಗೆದ್ದೆನೆಂದು ಬೀಗುತ್ತಾ ಮನೆಗೆ ಬಂದು, ಒಣಗಿದ ಬಟ್ಟೆ ತರಲು ತಾರಸಿ ಹತ್ತಿದೆ. ನನ್ನ ಹಗ್ಗದ ಮೇಲೂ ದೊಡ್ಡದೊಂದು ಟವೆಲ್ ಹರಡಿತ್ತು. ಬೆಳಿಗ್ಗೆ ನಾನೇ ಹರಡಿದ್ದು. ಟವೆಲ್ ಗರಿಗರಿಯಾಗಿ ಒಣಗಿತ್ತು. ಅದರ ಕೆಳಗಿನದು ಇನ್ನೂ ಹಸಿ.